ಬಾವಿಯೊಳಗಿನ ಆಮೆ ಹುಡುಕುವ ಕಾಲ

ನನಗೆ ಆಗ ಅರವತ್ತೆಂಟು. ಎರಡು ವರ್ಷದ ಹಿಂದಿನ ಮಾತು.

ಕೊಹಿನೂರ ಅನ್ನುವ ಊರಿನ ಹತ್ತಿರ ನಮ್ಮ ಹೊಲದಲ್ಲಿ ಒಂದು ಬಾವಿ ಇದೆ. ಪಾವಟಿಗೆ ಮೆಟ್ಟಿಲು ಇಳಿದು ಕೊಡ ತುಂಬುವಂಥದ್ದು. ಬೋರ್ ಹಾಕಿಸಿದ ಮೇಲೆ ಅದರ ಕಡೆ ಯಾರೂ ಹಾಯಲಿಲ್ಲ. ಆ ಬೇಸಿಗೆಯಲ್ಲಿ ಪಕ್ಕದ ಹೊಲದವರ ಆಡು ಅದರಲ್ಲಿ ಬಿದ್ದು ಸತ್ತಿತು. ನನ್ನ ಮೈದುನ ಅವತ್ತೇ ಬಾವಿ ಮುಚ್ಚಿಸುತ್ತೇನೆ ಅಂದ. ಅವನ ಮೊಮ್ಮಕ್ಕಳು ಪುಸ್ತಕದ ಚೀಲ ಹೊತ್ತು ಬಾವಿ ದಂಡೆ ಹಿಡಿದೇ ಸಾಲಿಗೆ ಹೋಗುತ್ತಿದ್ದವು. ಅವನ ಅಂಜಿಕೆ ಸುಳ್ಳಲ್ಲ. ಹುಮನಾಬಾದಿಗೆ ಹೋಗಿ ಜೆಸಿಬಿ ಹೇಳಿ ಬಂದ.

ನಾನು ಕೇಳಿದ್ದು ಒಂದೇ. "ಒಳಗಿನ ಆಮಿ?"

ನಮ್ಮ ಕಡೆ ಹೊಸ ಬಾವಿಗೆ ನೀರು ಬಿದ್ದರೆ ಒಂದು ಆಮೆ ತಂದು ಬಿಡುತ್ತಿದ್ದರು. ಹುಳ ಹುಪ್ಪಡಿ ತಿಂದು ನೀರು ತಿಳಿ ಇಡುತ್ತದೆ ಅಂತ. ನಮ್ಮ ಬಾವಿಗೆ ನೀರು ಬಿದ್ದಾಗ ನಮ್ಮತ್ತೆ ತನ್ನ ತವರೂರು ನಿರ್ಣಾದ ಹಳ್ಳದಿಂದ ಅಂಗೈಯಷ್ಟು ಮರಿ ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಕುಂಕುಮ ಹಚ್ಚಿ ಬಿಟ್ಟಿದ್ದಳು. ನನ್ನ ಎರಡನೇ ಮಗಳು ಆಗ ಹೊಟ್ಟೆಯಲ್ಲಿದ್ದಳು. ಅದು ದೇವರು ಅಂತ ನಾನೇನು ಕೈ ಮುಗಿದವಳಲ್ಲ. ಆದರೆ ಇಷ್ಟು ವರ್ಷ ನಮ್ಮ ನೀರು ಕಾದದ್ದನ್ನು ಜೀವಂತ ಹೂಳುವುದು ಸರಿ ಅನ್ನಿಸಲಿಲ್ಲ. ಮುದಿ ಎತ್ತನ್ನು ಹಾಗೆ ಹೂಳುತ್ತೇವೇನು?

ಮೈದುನ ಕಟುಕನಲ್ಲ. ಬಾವಿಗೆ ಬಿದ್ದ ಕೊಡ, ಮೋಟರು ಎತ್ತಿ ಕೊಡುವ ಚಾಚಾನನ್ನು ಕರೆಸಿದ. ನೀರು ಪೂರ್ತಿ ಬತ್ತಿತ್ತು. ಚಾಚಾ ಇಳಿದು ರಾಡಿಯಲ್ಲಿ ಬಹಳ ಹೊತ್ತು ಕೈಯಾಡಿಸಿ ಮೇಲೆ ಬಂದ.

"ಅಕ್ಕಾ, ಒಂದು ತಂಬಗಿ ಸಿಕ್ತು, ಒಂಟಿ ಚಪ್ಪಲಿ ಸಿಕ್ತು. ಆಮಿ ಇಲ್ರಿ."

"ಸತ್ತದ ಬಿಡ್ರಿ ವೈನಿ" ಅಂದ ಮೈದುನ.

"ಸತ್ತಿದ್ರ ಚಿಪ್ಪರ ಸಿಗಬೇಕಿತ್ತಲ್ಲ? ರಾಡಿ ಒಳಗ ಆಳಕ್ಕ ಹೋಗಿ ಕುಂತದ. ಮಿರಗದ ಮಳಿ ಆಗಲಿ, ತಾನ ಬರ್ತದ" ಅಂದೆ ನಾನು.

"ನೀರ ಇಲ್ಲದಾಗ ಸಿಗಲಾರದ್ದು, ನೀರ ತುಂಬಿದ ಮ್ಯಾಲ ಸಿಗ್ತದ? ಚಾಚಾ, ನಮ್ಮ ವೈನಿ ತಲಿಗೆ ಬಿಸಿಲ ಬಡದದ ನೋಡು."

ಇಬ್ಬರೂ ನಕ್ಕರು. ನಗಲಿ. ಬೋರ್ ಬರುವ ಮೊದಲು ಪ್ರತಿ ಬೇಸಿಗೆ ಕೊಡ ತುಂಬಲು ಇಳಿದಾಗ ಅದರ ಸುಳಿವೇ ಇರುತ್ತಿರಲಿಲ್ಲ. ಮಿರಗ, ಅಂದರೆ ಮೃಗಶಿರಾ, ಹೊಕ್ಕು ಎರಡು ಮಳೆ ಬಿದ್ದವೆಂದರೆ ನೀರ ಮೇಲೆ ಮೂಗು ಕಾಣುತ್ತಿತ್ತು. ಕಪ್ಪೆಯೂ ಹಾಗೇ. ಬೇಸಿಗೆಯಲ್ಲಿ ನೆಲ ಅಗೆದರೂ ಸಿಗುವುದಿಲ್ಲ, ಮಳೆಗೆ ಅಂಗಳಕ್ಕೇ ಬರುತ್ತದೆ. ಹುಡುಕುವವನಿಗೆ ಸಸಾರ ಆದ ಕಾಲದಲ್ಲಿ ಅವು ಯಾಕೆ ಹೊರಗೆ ಬರಬೇಕು? ಅವುಗಳ ಕಾಲ ಅವುಗಳಿಗೆ.

ಆದರೆ ಮೈದುನನ ಲೆಕ್ಕವೂ ತಪ್ಪಲ್ಲ. "ಮಳಿ ಬಿದ್ರ ಎರಿ ಮಣ್ಣಿನ ಹೊಲದಾಗ ಜೆಸಿಬಿ ಹೂತು ಹೋಗ್ತದ. ದೀಪಾವಳಿ ತನಕ ಬಾವಿ ಬಾಯಿ ತಕ್ಕೊಂಡು ಇರ್ತದ. ಒಂದು ಆಮಿ ಸಲುವಾಗಿ ಹುಡುಗರು ಬೀಳಬೇಕೇನ್ರಿ?"

"ಮುಳ್ಳು ನಾ ಹಚ್ತೀನಿ. ಕಾಯೂದು ನಾ ಕಾಯ್ತೀನಿ. ಇಲ್ಲ, ಇವತ್ತೇ ಮುಚ್ಚತೀಯಾ? ಮುಚ್ಚು. ಮೊದಲನೇ ಬುಟ್ಟಿ ಮಣ್ಣು ಮಾತ್ರ ನೀನ ಹಾಕಬೇಕು. ನಿಮ್ಮವ್ವ ತಂದದ್ದು ಅದು."

ಅವನು ಟವೆಲ್ ಜಾಡಿಸಿ ಹೆಗಲಿಗೆ ಹಾಕಿಕೊಂಡು ಹೋದ. ಸಂಜೆಗೆ ಜೆಸಿಬಿಯವನಿಗೆ ಬೇಡ ಅಂತ ಫೋನ್ ಮಾಡಿದ್ದು ತಿಳಿಯಿತು.

ನಾನು ಜಾಲಿ ಮುಳ್ಳು ತಂದು ಬಾವಿ ಸುತ್ತಲೂ ಬೇಲಿ ಹಚ್ಚಿದೆ. ಹುಡುಗರು ಸಾಲಿಗೆ ಹೋಗುವಾಗ, ಬರುವಾಗ ಬಾವಿ ಹತ್ತಿರ ಕೂತಿರುತ್ತಿದ್ದೆ. ಮಿರಗ ಹೊಕ್ಕಿತು. ಬಂದದ್ದು ಬರೀ ಗಾಳಿ. ಮೈದುನ ದಿನಾ ಬಂದು ಮುಳ್ಳು ಅಲುಗಿಸಿ ನೋಡುತ್ತಿದ್ದ.

"ಏನ್ರಿ ವೈನಿ, ಮಿರಗ ಬಂತು, ಆಮಿ ಎಲ್ಲಿ?"

"ಮಳಿ ಎಲ್ಲಿ?"

ಬಾಯಿಯಿಂದ ಹಾಗೆ ಅಂದೆ. ಒಳಗೆ ಧೈರ್ಯ ಇರಲಿಲ್ಲ. ಅದು ಖರೇನೇ ಸತ್ತಿದ್ದರೆ? ಇಲ್ಲದ ಆಮೆ ಸಲುವಾಗಿ ಇರುವ ಕೂಸುಗಳಲ್ಲಿ ಒಂದು ಬಿದ್ದರೆ ಮುಖ ಎಲ್ಲಿ ಇಟ್ಟುಕೊಳ್ಳಲಿ?

ಮಿರಗ ಮುಗಿಯುವ ಹೊತ್ತಿಗೆ ಮಳೆ ಹೊಡೆಯಿತು. ಬಾವಿ ತುಂಬ ಹಳದಿ ಕಪ್ಪೆ, ಕಿವಿ ಕಿವುಡಾಗುವಂಥ ಒದರಾಟ. ಕಲ್ಲಿನ ಸಂದಿನಿಂದ ಒಂದು ನೀರುಹಾವೂ ಇಣುಕಿತು. ಎಲ್ಲರೂ ಬಂದರು, ಆಮೆ ಒಂದು ಬಿಟ್ಟು. ಮತ್ತೊಂದು ಮಳೆ ಆಯಿತು. ಮುಂಜಾನೆ ಹೋಗಿ ನೋಡಿದರೆ ಕೆಳಗಿನ ಪಾವಟಿಗೆ ಮೇಲೆ ಕೂತಿತ್ತು, ಕತ್ತು ಚಾಚಿಕೊಂಡು. ಊಟದ ತಾಟಿನಷ್ಟು ಅಗಲ. ಬುಟ್ಟಿ ಕವುಚಿ ಹಿಡಿದೆ.

ಮೈದುನ ಬಂದ, ಬಗ್ಗಿದ, ಮೂಗು ಮುಚ್ಚಿಕೊಂಡ. "ಥೂ, ಏನ ನಾರ್ತದ್ರಿ!" ಆಮೇಲೆ ತಾನೇ ಗೋಣಿಚೀಲ ತೋಯಿಸಿ ತಂದು ಅದರ ಮೇಲೆ ಹೊಚ್ಚಿದ.

ಎಲ್ಲಿಂದ ತಂದದ್ದೋ ಅಲ್ಲಿಗೇ ಬಿಡಬೇಕು ಅಂತ ಬಸ್ ಹತ್ತಿದೆ. ಹುಮನಾಬಾದಿನಲ್ಲಿ ಬಸ್ ಬದಲಿ ಮಾಡಿದಾಗ ಬುಟ್ಟಿ ಮಿಸುಕಾಡಿತು. ಕಂಡಕ್ಟರ್ ಚೀಲ ಎತ್ತಿ ನೋಡಿದ.

"ಆಯಿ, ಇದು ಗಂಡೋ ಹೆಣ್ಣೋ?"

"ಯಾಕಪ್ಪಾ, ಲಗ್ನ ಮಾಡಸ್ತೀಯೇನು?"

"ಹೆಣ್ಣಿದ್ರ ಟಿಕೆಟ್ ಫುಕಟ್. ಆದ್ರ ಆಧಾರ್ ಕಾರ್ಡ್ ತೋರಸಬೇಕು ನೋಡ್ರಿ."

ಬಸ್ಸಿನವರೆಲ್ಲ ನಕ್ಕರು. ಟಿಕೆಟ್ ಕೇಳಲಿಲ್ಲ.

ನಿರ್ಣಾದ ಹಳ್ಳದಲ್ಲಿ ಕೆಂಪು ನೀರು ಹರಿಯುತ್ತಿತ್ತು. ಬುಟ್ಟಿ ವಾಲಿಸಿದೆ. ಹೊತ್ತು ಮುಳುಗುವಷ್ಟರಲ್ಲಿ ಊರಿಗೆ ತಿರುಗಿ ಬಂದೆ. ಮೈದುನ ಬಸ್ ನಿಲ್ಲುವಲ್ಲೇ ನಿಂತಿದ್ದ.

"ಬಿಟ್ರೇನ್ರಿ?"

"ಬಿಟ್ಟೆ."

"ಹೊಳ್ಳಿ ನಿಮ್ಮ ಕಡೆ ನೋಡ್ತೇನು?"

"ಅದ್ಯಾಕ ನೋಡ್ತದ? ನೀರ ಕಂಡಿದ್ದೇ ತಡ, ಹೋತು."

ಇಬ್ಬರೂ ಬಾವಿ ಹತ್ತಿರ ಹೋದೆವು. ನೀರು ಇನ್ನೊಂದು ಪಾವಟಿಗೆ ಏರಿತ್ತು. ಗಾಳಿಗೆ ಒಂದು ಕಡೆಯ ಮುಳ್ಳು ಸರಿದಿತ್ತು. ಅವನು ನೋಡಿದ, ನಾನೂ ನೋಡಿದೆ. ದೀಪಾವಳಿ ಇನ್ನೂ ದೂರ ಇತ್ತು.

ಮರುದಿನ ಮುಂಜಾನೆ ಹುಡುಗರು ಏಳುವ ಮೊದಲೇ ಕೊಡಲಿ ತಗೊಂಡು ಜಾಲಿ ಕಡಿಯಲು ಹೋದೆ.