ಎಡಗೈ ಬದಿಗೆ ಸಮುದ್ರ

ಮಾನವ ಜನಾಂಗದ ಪ್ರಗತಿಯೆಲ್ಲ ತಲೆಯೆತ್ತಿ ಆಕಾಶ ನೋಡಿದವರಿಂದಲೇ ಆಯಿತು ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಯಾವ ಕಡೆಯ ಆಕಾಶ ಎಂಬುದೂ ಸ್ವಲ್ಪ ಮುಖ್ಯವೆಂದು ನಾನು ಕಲಿತದ್ದು ಚೆನ್ನೈ ಕೋಡಂಬಾಕ್ಕಂನ ನಮ್ಮ ತಾರಸಿಯಲ್ಲಿ.

ಇವತ್ತು ಬೆಳಿಗ್ಗೆ ಹಪ್ಪಳ ಒಣಹಾಕಲು ಅಲ್ಲಿಗೆ ಹೋಗಿದ್ದೆ. ತಾರಸಿಯ ಗಿಡ್ಡ ಗೋಡೆಯ ಮೇಲೆ ಕೆಂಪು ಬಣ್ಣದ ಬಾಣವೊಂದು ಇನ್ನೂ ಮಾಸದೆ ಕೂತಿದೆ. ಪಕ್ಕದಲ್ಲಿ ದೊಡ್ಡಪ್ಪನ ದಪ್ಪ ಅಕ್ಷರಗಳಲ್ಲಿ ‘ಉತ್ತರ’ ಎಂದಿದೆ. ಬಾಣದ ಮೂತಿ ಗಿಂಡಿ ಬಡಾವಣೆಯ ಕಡೆಗಿದೆ. ಗಿಂಡಿ ನಮಗೆ ದಕ್ಷಿಣ.

ದೊಡ್ಡಪ್ಪ ಕುಂದಾಪುರದ ಕಡೆಯವರು. ಕೆಳಗಿನ ಹೋಟೆಲು ಅವರದೇ. ಅಡುಗೆಮನೆಗೂ ಗಲ್ಲಾಕ್ಕೂ ನಡುವೆ ಓಡಾಡುತ್ತ ಕಳೆದ ಆಯುಷ್ಯದಲ್ಲಿ ಅವರಿಗೆ ದಿಕ್ಕುಗಳ ಅಗತ್ಯವೇ ಬಿದ್ದಿರಲಿಲ್ಲ. ಹಾಗೆಂದು ರಾಕೆಟ್ ವಿಷಯದಲ್ಲಿ ಅವರನ್ನು ಅನನುಭವಿ ಎನ್ನುವಂತಿಲ್ಲ. ದೀಪಾವಳಿಗೆ ಸೋಡಾ ಬಾಟಲಿಯಲ್ಲಿ ನಿಲ್ಲಿಸಿ ತಾವೇ ಹಾರಿಸುತ್ತಿದ್ದರು. ಒಮ್ಮೆ ಬಾಟಲಿ ವಾಲಿ, ಎದುರು ಮನೆಯವರ ಒಣಗುತ್ತಿದ್ದ ಪಂಚೆಯನ್ನು ರಾಕೆಟ್ ಭೇದಿಸಿದಾಗ, “ಮಿಲಿಟ್ರಿಯವ್ರ್ ಹೀಂಗೇ ಅಡ್ಡ ಹಾರ್ಸುದ್” ಎಂದು ಸಮಾಧಾನ ಹೇಳಿದ್ದರು. ಪಂಚೆಯ ಯಜಮಾನರಿಗೆ ಸಮಾಧಾನವಾಗಲಿಲ್ಲ.

ಶ್ರೀಹರಿಕೋಟದಿಂದ ಹಾರುವ ರಾಕೆಟ್ಟು ಆಕಾಶ ತಿಳಿಯಾಗಿದ್ದರೆ ಚೆನ್ನೈನ ತಾರಸಿಗಳಿಂದಲೂ ಕಾಣುತ್ತದೆ, ಉತ್ತರ ದಿಕ್ಕಿನಲ್ಲಿ. ತಮ್ಮ ಮಗಳು ಶೈಲಾಳನ್ನು ನೋಡಲು ಗಂಡಿನ ಕಡೆಯವರು ಬರುವುದನ್ನು ದೊಡ್ಡಪ್ಪ ಹಿಂದೊಮ್ಮೆ ರಾಕೆಟ್ ಹಾರುವ ಸಂಜೆಗೇ ಗೊತ್ತು ಮಾಡಿದರು. “ಅಷ್ಟ್ ದೊಡ್ಡ ವಸ್ತು ಮೇಲೆ ಕಳ್ಸುವವ್ರ್ ಮುಹೂರ್ತ ಕಾಣ್ದೇ ಇರ್ತ್ರಾ?” ಎಂಬುದು ಅವರ ವಾದ.

ಗಂಡಿನವರೂ ಕುಂದಾಪುರದವರೇ, ಕೋಯಂಬೇಡಿನಲ್ಲಿ ಹೋಟೆಲು. ಹುಡುಗ ರಘು ಫೋಟೊದಲ್ಲೇ ಶೈಲಾಳಿಗೆ ಹಿಡಿಸಿದ್ದ. ತೊಡಕು ಅವನ ಅಜ್ಜಿಯದು: ಮನೆಯೊಳಗೆ ಕನ್ನಡ ಮಾತನಾಡುವ ಹುಡುಗಿಯೇ ಬೇಕಂತೆ. ನಮ್ಮ ಶೈಲಾಳೋ ಇಲ್ಲೇ ಹುಟ್ಟಿ ಇಲ್ಲೇ ಓದಿದವಳು. ಕನ್ನಡದಲ್ಲಿ ಬೈದರೂ ತಮಿಳಿನಲ್ಲಿ ಉತ್ತರಿಸುವವಳು. ಹಿಂದೊಂದು ಸಂಬಂಧ ಇದೇ ಕಾರಣಕ್ಕೆ ತಪ್ಪಿತ್ತು.

“ಇವತ್ತೊಂದ್ ದಿನ ಬಾಯಲ್ಲಿ ತಮಿಳ್ ಬಪ್ಕಾಗ, ತಿಳೀತಾ?” ಎಂದರು ದೊಡ್ಡಪ್ಪ.

“ಸರಿಪ್ಪಾ” ಎಂದಳು. ಅದೂ ತಮಿಳೇ.

ಮಧ್ಯಾಹ್ನ, ಸೂರ್ಯ ನೆತ್ತಿಯ ಮೇಲಿದ್ದು ಯಾರ ಪಕ್ಷವನ್ನೂ ವಹಿಸದ ಹೊತ್ತಿನಲ್ಲಿ, ದೊಡ್ಡಪ್ಪ ನನ್ನಿಂದ ಕುರ್ಚಿಗಳನ್ನು ಹೊರಿಸಿದರು. “ಸಮುದ್ರ ಎಡಗೈ ಬದಿಗಿದ್ರೆ ಮುಖ ಉತ್ತರಕ್ಕೆ. ಸಣ್ಣ ಮಕ್ಳಿಗೂ ಗೊತ್ತಿತ್ತ್” ಎನ್ನುತ್ತ ಬಾಣ ಬರೆದರು. ಕುಂದಾಪುರದಲ್ಲಿ ಅದು ಅಕ್ಷರಶಃ ಸತ್ಯ. ಅಲ್ಲಿ ಸಮುದ್ರ ಪಶ್ಚಿಮಕ್ಕೆ. ಚೆನ್ನೈಯ ಸಮುದ್ರ ಪೂರ್ವಕ್ಕಿದೆ ಎಂಬ ಸಣ್ಣ ಸಂಗತಿ, ಭೂಗೋಳದಲ್ಲಿ ಪದವಿ ಪಡೆದ ನನಗೂ ಹೊಳೆಯಲಿಲ್ಲ. ಏನು ಮಾಡುವುದು ಹೇಳಿ, ನಾನೂ ಆ ಊರಿನವನೇ.

ಸಂಜೆ ಗಂಡಿನ ತಂದೆ ಬಂದವರೇ ಕಡಲ ಗಾಳಿ ಎಡಗೆನ್ನೆಗೆ ಬಡಿಯುವುದನ್ನು ಪರೀಕ್ಷಿಸಿ, “ಹೌದ್, ಸರೀ ಉತ್ತರ” ಎಂದು ಮುದ್ರೆಯೊತ್ತಿದರು. ಸುಳ್ಳನ್ನು ಬಯಲು ಮಾಡಬಹುದಾಗಿದ್ದ ಸೂರ್ಯ ಆಗಲೇ ಮುಳುಗಿದ್ದ. ಎರಡು ಕುಟುಂಬಗಳು ಗೋಳಿಬಜೆ ಮೆಲ್ಲುತ್ತ ಗಿಂಡಿಯ ಆಕಾಶವನ್ನು ಭಕ್ತಿಯಿಂದ ನೋಡುತ್ತ ಕೂತವು.

ಅಷ್ಟರಲ್ಲಿ ಕಾಫಿ ತಟ್ಟೆ ಹಿಡಿದು ಶೈಲಾ ಬಂದು ನಮ್ಮೆದುರು ನಿಂತಳು. ಎದುರು ನಿಂತದ್ದರಿಂದ, ಆ ತಾರಸಿಯಲ್ಲಿ ನಿಜವಾದ ಉತ್ತರಕ್ಕೆ ಮುಖ ಮಾಡಿದವಳು ಅವಳೊಬ್ಬಳೇ. ಕಿತ್ತಳೆ ಬಣ್ಣದ ಬೆಂಕಿಯೊಂದು ನಮ್ಮ ಬೆನ್ನ ಹಿಂದೆ ಏಳುವುದನ್ನು ಕಂಡಳು. ತಡೆದುಕೊಂಡಳು. ತುಟಿ ಕಚ್ಚಿದಳು. ಕಡೆಗೆ ತಡೆಯಲಾಗಲಿಲ್ಲ.

“ಅಪ್ಪಾ, ಪಿನ್ನಾಡಿ ಪಾರುಂಗೊ!”

ಹಿಂದೆ ನೋಡಿ ಎಂದು ಅರ್ಥವಾಗದವರು ಅಲ್ಲಿ ಯಾರೂ ಇರಲಿಲ್ಲ. ಎಲ್ಲರೂ ತಮಿಳರಿಗೆ ಇಡ್ಲಿ ಮಾರಿಯೇ ಬದುಕಿದವರು. ಆದರೆ ತಿರುಗಿದರೆ ತಮಿಳು ಕೇಳಿಸಿತೆಂದು ಒಪ್ಪಿದಂತೆ. ದೊಡ್ಡಪ್ಪ ಮರ್ಯಾದೆಗಾಗಿ ಕಿವುಡರಾದರು. ಬೀಗರಾಗಲಿದ್ದವರು ದಾಕ್ಷಿಣ್ಯಕ್ಕೆ ಕಿವುಡರಾದರು. ನಾನು ಎರಡಕ್ಕೂ. ರಘು ಮಾತ್ರ ಕುರ್ಚಿ ಉರುಳಿಸಿ ಎದ್ದು, “ಎಂಗೇ? ಎಂಗೇ?” ಎಂದು, ಎಲ್ಲಿ ಎಂಬುದನ್ನೂ ತಮಿಳಿನಲ್ಲೇ ಕೇಳುತ್ತ ಹಿಂದೆ ತಿರುಗಿದ. ಇಬ್ಬರೂ ಬಾಯ್ತೆರೆದು ನೋಡಿದರು. ನಾವು ತಿರುಗುವ ಹೊತ್ತಿಗೆ ಉಳಿದದ್ದು ಹೊಗೆ.

ಕಾಫಿ ಆರುತ್ತಿತ್ತು. ಅಜ್ಜಿ ಮೊಮ್ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

“ನಾನ್ ಕನ್ನಡದಲ್ಲಿ ಎಷ್ಟ್ ಸಲ ಕರದ್ರೂ ಇವ ಕೂತಲ್ಲಿಂದ ಏಳುದಿಲ್ಲೆ. ಅವ್ಳ್ ಒಂದ್ ಸಲ ತಮಿಳಲ್ಲಿ ಹೇಳದ್ದೇ ಎದ್ದ್ ನಿಂತ. ಆಯ್ತ್, ಮದಿ ಮಾಡಿ.”

ಮದುವೆ ಆಯಿತು. ದಿಕ್ಕಿನ ಬಗ್ಗೆ ಮಾತ್ರ ದೊಡ್ಡಪ್ಪ ಇಂದಿಗೂ ಜಗ್ಗಿಲ್ಲ. “ರಾಕೆಟೇ ಅವತ್ತ್ ಅಡ್ಡದಾರಿ ಹಿಡ್ದಿತ್ತ್” ಎನ್ನುತ್ತಾರೆ.

ಇವತ್ತು ಸಂಜೆ ಮತ್ತೊಂದು ಹಾರುವುದಿತ್ತು. ಶೈಲಾ, ರಘು, ಅಜ್ಜಿ ಎಲ್ಲ ಬಂದಿದ್ದರು. ಈ ಸಲ ಬೆಳಿಗ್ಗೆಯೇ ಕುರ್ಚಿಗಳನ್ನೆಲ್ಲ ನಾನು ತಿರುಗಿಸಿಟ್ಟಿದ್ದೆ. ದೊಡ್ಡಪ್ಪ ಬಂದು ಬಾಣ ನೋಡಿ, ತಮ್ಮ ಕುರ್ಚಿಯೊಂದನ್ನು ಮತ್ತೆ ಗಿಂಡಿಯ ಕಡೆಗೆ ತಿರುಗಿಸಿಕೊಂಡು ಕೂತರು.

ರಾಕೆಟ್ ಹಾರಿತು. ದೊಡ್ಡಪ್ಪನನ್ನು ಬಿಟ್ಟು ಎಲ್ಲರೂ ನೋಡಿದೆವು.