ಗರಸಿನ ಕೆಳಗಿನ ವಾಲ್ವು

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ. ತಿ. ನರಸೀಪುರದಲ್ಲಿ ಕುಡಿಯುವ ನೀರಿನ ಪೈಪುಗಳನ್ನು ನೋಡಿಕೊಳ್ಳುವ ಕಿರಿಯ ಇಂಜಿನಿಯರಾಗಿದ್ದೆ. ಮನೆ ನಂಜನಗೂಡಿನಲ್ಲಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಸೀಟು ಸಿಕ್ಕ ದಿನ ನಿದ್ದೆ, ಸಿಗದ ದಿನ ನಿಂತಲ್ಲೇ ತೂಕಡಿಕೆ. ಎರಡು ಹೊಳೆ ಸೇರುವ ಊರಿನಲ್ಲಿ ನೀರಿಲ್ಲವೆಂದು ಜನ ಬೈಯುವುದನ್ನು ಕೇಳಿಸಿಕೊಳ್ಳುವುದೇ ನನ್ನ ಅರ್ಧ ಕೆಲಸವಾಗಿತ್ತು.

ಆ ವರ್ಷ ಒಂದು ಬೀದಿಯಲ್ಲಿ ಹಳೆಯ ಪೈಪು ಒಡೆದು ಕೊಳಾಯಿಗಳಲ್ಲಿ ಕೆಸರು ಬರತೊಡಗಿತು. ರಿಪೇರಿ ಮಾಡಬೇಕೆಂದರೆ ಆ ಬೀದಿಯ ವಾಲ್ವು ಮುಚ್ಚಬೇಕು, ಇಲ್ಲವೇ ಇಡೀ ಊರಿನ ನೀರು ನಿಲ್ಲಿಸಬೇಕು. ಆದರೆ ವಾಲ್ವು ಎಲ್ಲಿದೆ ಎಂದು ಯಾರಿಗೂ ಗೊತ್ತಿರಲಿಲ್ಲ. ರಸ್ತೆ ಮಾಡಿದಾಗಲೆಲ್ಲ ಕೆಂಪು ಹರಳುಮಣ್ಣಿನ ಗರಸು ಸುರಿದು ಎತ್ತರಿಸುತ್ತ ಬಂದಿದ್ದರಿಂದ ಅದರ ಕಬ್ಬಿಣದ ಮುಚ್ಚಳ ಮಣ್ಣಿನಡಿ ಹೂತುಹೋಗಿತ್ತು. ನಕ್ಷೆ ಇರಲಿಲ್ಲ.

ಮೊದಲು ಊರಿಗೆ ನೀರು ಬಿಡುತ್ತಿದ್ದು ಈಗ ನಿವೃತ್ತನಾಗಿದ್ದ ಹಳೆಯ ನೀರುಗಂಟಿಯನ್ನು ಕರೆಸಿದೆವು. ಸುತ್ತೂರಿನ ಕಡೆ ಮಗಳ ಮನೆಯಲ್ಲಿದ್ದವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ನೇರವಾಗಿ ಒಂದು ಜಾಗಕ್ಕೆ ಹೋಗಿ ಕಾಲಿಂದ ಗೀರು ಎಳೆದು, ಇಲ್ಲೇ ಅಗೆಯಿರಿ ಎಂದ. ನಾಲ್ಕಡಿ ಅಗೆದರೂ ಏನೂ ಸಿಗಲಿಲ್ಲ. ಮಾರನೆಯ ದಿನ ಇನ್ನೊಂದು ಜಾಗ ತೋರಿಸಿದ. ಅಲ್ಲೂ ಇಲ್ಲ. ಅವನು ಗುರುತಿಟ್ಟುಕೊಂಡಿದ್ದ ಬೇವಿನ ಮರ ಕಡಿದು ಎಷ್ಟೋ ವರ್ಷವಾಗಿತ್ತು. ಅದು ರಸ್ತೆಯ ಯಾವ ಬದಿಗಿತ್ತೆಂಬುದೇ ಅವನಿಗೆ ಗೊಂದಲ. ಎದುರು ಮನೆಯ ಹೆಂಗಸು ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಬಂದು ನಿಂತಳು.

"ದಿನಾ ಬಂದು ಒಂದೊಂದ್ ಗುಂಡಿ ತೋಡ್ಬುಟ್ಟು ಓಯ್ತೀರಿ. ನಾವೇನು ಆ ಗುಂಡೀಲಿ ನೀರ್ ಸೇದ್ಕಬೇಕಾ?"

ನೀರುಗಂಟಿ ಸಲಿಕೆ ತೆಗೆದುಕೊಂಡು ತಾನೇ ಗುಂಡಿ ಮುಚ್ಚತೊಡಗಿದ.

ಮೈಸೂರಿನಲ್ಲಿದ್ದ ಇಲಾಖೆಯ ಸ್ಟೋರಿನಿಂದ ಒಂದು ಮೆಟಲ್ ಡಿಟೆಕ್ಟರ್ ತರಿಸಿದೆ. ನಂಜನಗೂಡಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ನನ್ನ ಭಾವಮೈದುನ ಇನ್ನೊಂದನ್ನು ಎರವಲು ಕೊಡಿಸಿದ. ಎರಡರಲ್ಲಿ ಯಾವುದು ವಾಸಿ ಎಂದು ವರದಿ ಬರೆದುಕೊಟ್ಟರೆ ಅಂಥದ್ದೊಂದನ್ನು ಕೊಳ್ಳೋಣವೆಂದು ಮೇಲಿನವರು ಹೇಳಿದ್ದರು. ಭಾನುವಾರ ನಮ್ಮ ಹಿತ್ತಲಲ್ಲಿ ಹಳೆಯ ಕಬ್ಬಿಣದ ಮುಚ್ಚಳವೊಂದನ್ನು ಒಂದೂವರೆ ಅಡಿ ಆಳಕ್ಕೆ ಹೂತು ನೋಡಿದೆ. ಎರಡೂ ಅದರ ಮೇಲೆ ಬಂದಾಗ ಮಾತ್ರ ಸದ್ದು ಮಾಡಿದವು. ವಾರಕ್ಕೊಂದೇ ರಜ, ಅದನ್ನೂ ಮಣ್ಣು ಅಗೆಯುತ್ತ ಕಳೆದಿರಲ್ಲ ಎಂದು ಹೆಂಡತಿ ಬೇಸರಪಟ್ಟಳು.

ಸೋಮವಾರ ಆ ಬೀದಿಯಲ್ಲಿ ಕಥೆಯೇ ಬೇರೆಯಾಯಿತು. ಸ್ಟೋರಿನ ಯಂತ್ರ ಇಟ್ಟಲ್ಲೆಲ್ಲ ಕೂಗಿತು. ಜೋರಾಗಿ ಕೂಗಿದ ಕಡೆ ಅಗೆಸಿದೆ. ಬರೀ ಕೆಂಪು ಹರಳು. ಭಾವಮೈದುನ ಹಳೆಯ ರೇಡಿಯೋ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಆ ಮಣ್ಣಿನ ಮೇಲೆ ಎಳೆದು ತೋರಿಸಿದ. ಅದರ ಮೈತುಂಬ ಕಪ್ಪು ಪುಡಿ ಮೆತ್ತಿಕೊಂಡಿತ್ತು. ಗರಸಿನಲ್ಲೇ ಕಬ್ಬಿಣದ ಅಂಶ ಅಷ್ಟಿರುವಾಗ ಯಂತ್ರ ತಾನೇ ಏನು ಮಾಡೀತು? ಅವನು ತಂದ ಯಂತ್ರವೋ ಬೀದಿಯ ಈ ತುದಿಯಿಂದ ಆ ತುದಿವರೆಗೆ ಒಂದು ಸಲವೂ ಬಾಯಿಬಿಡಲಿಲ್ಲ. ಸಂಜೆ ಬಸ್ಸಿನಲ್ಲಿ ಕೂತಾಗಲೂ ಹೆಡ್‌ಫೋನಿನ ಕೀರಲು ಕಿವಿಯಲ್ಲೇ ಇತ್ತು. ನನಗೆ ಯಂತ್ರವೂ ಬೇಡ, ವಾಲ್ವೂ ಬೇಡ ಅನ್ನಿಸಿಬಿಟ್ಟಿತ್ತು.

ಎರಡನೆಯದರ ಮೌನಕ್ಕೆ ಕಾರಣ ತಿಳಿಯಲು ಇನ್ನೂ ಎರಡು ದಿನ ಹಿಡಿಯಿತು. ಹಿತ್ತಲಲ್ಲಿ ನೋಡಿದ ಮೇಲೆ ಭಾವಮೈದುನ ತನ್ನ ಹೆಂಡತಿಯ ಚಿನ್ನದ ಓಲೆಯ ಮೇಲೆ ಅದನ್ನು ಪರೀಕ್ಷಿಸಿದ್ದನಂತೆ. ಆಗ ಕಬ್ಬಿಣವನ್ನು ಬಿಟ್ಟು ಬೇರೆ ಲೋಹಕ್ಕೆ ಮಾತ್ರ ಕೂಗುವಂತೆ ತಿರುಗಿಸಿದ ತಿರುಪು ಹಾಗೇ ಉಳಿದಿತ್ತು. ನಾವು ಹುಡುಕುತ್ತಿದ್ದದ್ದೇ ಕಬ್ಬಿಣ! ಅವನು ಮುಖ ಸಣ್ಣದು ಮಾಡಿಕೊಂಡು ತಿರುಪನ್ನು ವಾಪಸು ತಿರುಗಿಸಿದ. ಬೈಯುವ ಶಕ್ತಿಯೂ ನನಗೆ ಇರಲಿಲ್ಲ.

ಆ ಯಂತ್ರಕ್ಕೆ ಮಣ್ಣಿನ ಗುಣ ಕಲಿಸಲು ಇನ್ನೊಂದು ತಿರುಪಿತ್ತು. ಅದರ ಕೋಲಿನ ತುದಿಯ ತಟ್ಟೆಯನ್ನು ನೆಲದ ಮೇಲೆ ಎತ್ತುತ್ತ ಇಳಿಸುತ್ತ, ಸದ್ದು ಏರಿಳಿಯದೆ ಒಂದೇ ಸಮನಾಗುವವರೆಗೆ ಆ ತಿರುಪನ್ನು ಹದ ಮಾಡಬೇಕು. ಹತ್ತು ಹೆಜ್ಜೆ ಹೋದರೆ ಮಣ್ಣು ಬದಲಾಗುತ್ತಿತ್ತು, ಮತ್ತೆ ಹದ ಮಾಡಬೇಕು. ಸ್ಟೋರಿನ ಯಂತ್ರಕ್ಕೆ ಈ ಅನುಕೂಲ ಇರಲಿಲ್ಲ. ಬಿಸಿಲಲ್ಲಿ ಬಗ್ಗಿ ಬಗ್ಗಿ ನನ್ನ ಸೊಂಟ ಹಿಡಿದುಕೊಂಡಿತು. ಮಧ್ಯಾಹ್ನದ ಹೊತ್ತಿಗೆ, ನೀರುಗಂಟಿ ಮೊದಲು ತೋರಿಸಿದ್ದ ಜಾಗದಿಂದ ಸುಮಾರು ಹನ್ನೊಂದು ಅಡಿ ದೂರದಲ್ಲಿ, ರಸ್ತೆಯ ಇನ್ನೊಂದು ಬದಿಗೆ, ಸದ್ದು ಸಣ್ಣಗೆ ಏರಿತು. ನಾಲ್ಕು ಸಲ ಹೋಗಿ ಬಂದೆ. ನಾಲ್ಕು ಸಲವೂ ಅಲ್ಲೇ ಏರಿತು.

ಎರಡಡಿ ಅಗೆದಾಗ ಹಾರೆ ಕಬ್ಬಿಣಕ್ಕೆ ತಾಗಿತು. ಅಂದೂ ಬಂದಿದ್ದ ನೀರುಗಂಟಿ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಮುಚ್ಚಳದ ಮೇಲಿನ ಮಣ್ಣನ್ನು ಅಂಗೈಯಿಂದ ಸವರಿದ.

"ನಾನೇ ನಿಂತು ಕೂರ್ಸಿದ್ ವಾಲ್ವು ಸಾ ಇದು. ಈಗ ನಂಗೇ ಎಲ್ಲದೆ ಅಂತ ತಿಳೀದಂಗಾಗೋಯ್ತು," ಎಂದ.

ಮರ ಇದ್ದಿದ್ದರೆ ನೀನೇ ತೋರಿಸುತ್ತಿದ್ದೆ ಎಂದೆ. ಅವನು ಒಪ್ಪಲಿಲ್ಲ. ತುಕ್ಕು ಹಿಡಿದ ವಾಲ್ವು ತಿರುಗಿಸಲು ಇಬ್ಬರು ಬೇಕಾದರು. ಮಾರನೆಯ ದಿನ ಪೈಪು ಜೋಡಿಸಿದೆವು. ಎದುರು ಮನೆಯ ಹೆಂಗಸು ಬಿಂದಿಗೆ ತುಂಬಿಸಿಕೊಂಡು ನಮ್ಮ ಕಡೆ ನೋಡದೆ ಒಳಗೆ ಹೋದಳು.

ಮಣ್ಣಿಗೆ ತಕ್ಕಂತೆ ಹದ ಮಾಡಲು ಬರುವ ಯಂತ್ರವನ್ನೇ ಕೊಳ್ಳಬೇಕೆಂದು ಎರಡು ಪುಟದ ವರದಿ ಬರೆದೆ. ಕೊಂಡದ್ದು ಬೇರೆಯೇ ಒಂದನ್ನು. ಅದಕ್ಕೆ ಆ ತಿರುಪಿರಲಿಲ್ಲ. ನಾನು ಕೇಳಲು ಹೋಗಲಿಲ್ಲ.

ಒಂದು ವಾರ ಬಿಟ್ಟು ನೀರುಗಂಟಿ ತಾನಾಗಿಯೇ ಕಚೇರಿಗೆ ಬಂದ. ನೆನಪಿರುವಷ್ಟು ವಾಲ್ವುಗಳನ್ನು ಬರೆದಿಟ್ಟುಕೊಳ್ಳಿ, ಇನ್ನೊಂದು ವರ್ಷಕ್ಕೆ ಈ ನೆನಪೂ ಇರುವುದಿಲ್ಲ ಎಂದು ಕೇಳಿಕೊಂಡ. ನಾಲ್ಕು ಭಾನುವಾರ ಅವನ ಜೊತೆ ಟೇಪು ಹಿಡಿದು ಬೀದಿ ಬೀದಿ ತಿರುಗಿದೆ, ಭಾವಮೈದುನ ಮತ್ತೆ ಆ ಯಂತ್ರ ತಂದುಕೊಟ್ಟ. ಐದನೆಯ ಭಾನುವಾರ ನೀರುಗಂಟಿಗೆ ಮೈ ಸರಿಯಿಲ್ಲವೆಂದು ಮಗಳು ಹೇಳಿಕಳಿಸಿದಳು. ಆಮೇಲೆ ನಾನೊಬ್ಬನೇ ಹುಡುಕಿದೆ. ಅವನು ಹೇಳಿದ ಹದಿನೇಳು ಜಾಗಗಳಲ್ಲಿ ಹನ್ನೊಂದು ಸಿಕ್ಕವು. ಉಳಿದ ಆರರ ಮುಂದೆ ಪ್ರಶ್ನೆಚಿಹ್ನೆ ಹಾಕಿ, ವರ್ಗವಾದಾಗ ಆ ಪುಸ್ತಕವನ್ನು ನನ್ನ ಜಾಗಕ್ಕೆ ಬಂದವರ ಕೈಗೆ ಕೊಟ್ಟೆ.