ಊಟದ ನಡುವಿನ ಚುನಾವಣೆ

ಪುಣೆಯ ನಮ್ಮ ಕಾಲೊನಿಯ ಕನ್ನಡ ಬಳಗಕ್ಕೆ ಒಬ್ಬರೇ ಹನ್ನೆರಡು ವರ್ಷ ಅಧ್ಯಕ್ಷರಾಗಿದ್ದರು, ಅದೂ ಅವಿರೋಧವಾಗಿ. ಚುನಾವಣೆ ಯಾಕಿಲ್ಲ ಎಂದು ಕೇಳಿದರೆ ಹೆಗಲ ಶಾಲು ಸರಿಪಡಿಸಿಕೊಂಡು, "ಸಂಸ್ಕೃತಿ ಅಪಾಯದಾಗ ಅದರಿ. ಇಂಥಾ ಹೊತ್ತಿನ್ಯಾಗ ಒಡಕು ಬ್ಯಾಡ್ರಿ," ಎನ್ನುತ್ತಿದ್ದರು. ಹಾಗೆಂದು ಪ್ರಜಾಪ್ರಭುತ್ವ ಬಿಟ್ಟವರಲ್ಲ. ವಾರ್ಷಿಕ ಸಭೆಯಲ್ಲಿ ಎಲ್ಲರೂ ಹೋಳಿಗೆಗೆ ಕೈ ಹಾಕಿದ ಮೇಲೆ ಪಂಕ್ತಿಯ ನಡುವೆ ನಿಂತು, "ನಾ ಬ್ಯಾಡ ಅನ್ನೋರು ಕೈ ಎತ್ರಿ," ಎಂದು ಕೇಳಿಯೇ ಕೇಳುತ್ತಿದ್ದರು. ಎಂಜಲು ಕೈ ಎತ್ತುವವರು ಯಾರು?

ಒಂದು ವರ್ಷ ನಾನು ಎಡಗೈ ಎತ್ತಿದೆ. ಅವರು ಸಿಟ್ಟಾಗಲಿಲ್ಲ, ತುಂಬ ನೊಂದವರಂತೆ ಪಂಕ್ತಿಯ ಕಡೆ ತಿರುಗಿದರು.

"ನೋಡ್ರಿ, ಊಟಕ್ಕ ಕೂತು ಎಡಗೈ ತೋರಸ್ತಾರ. ನಾ ಹೇಳಿದ್ದು ಸುಳ್ಳೇನ್ರಿ? ಸಂಸ್ಕೃತಿ ಅಪಾಯದಾಗ ಅದ!"

ಜೋರು ಚಪ್ಪಾಳೆ ಬಿತ್ತು, ಎಂಜಲು ಕೈಗಳಿಂದಲೇ.